ಗಂಜಿಯಿಂದ ಕಲ್ಲು ಕರಗುವುದಿಲ್ಲ

ಪ್ರಶ್ನೆ: ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ನಮ್ಮ ಮನೆಯವರಿಗೆ 41 ವರ್ಷ, ರೈಸ್ ಮಿಲ್ಲಿನಲ್ಲಿ ಕೆಲಸ. ಏಳು ವಾರದ ಹಿಂದೆ ರಾತ್ರಿ ಊಟ ಮಾಡಿ ಮಲಗಿದವರಿಗೆ ಹೊಟ್ಟೆ ಮೇಲ್ಭಾಗದಲ್ಲಿ ನೋವು ಶುರುವಾಗಿ ಬೆನ್ನಿಗೆ ಹೊಡೆಯಿತು. ವಾಂತಿ ನಿಲ್ಲಲಿಲ್ಲ. ಗ್ಯಾಸ್ ಅಂದುಕೊಂಡು ಬೆಳಗಿನವರೆಗೂ ಕಾದೆವು. ಆಸ್ಪತ್ರೆಯಲ್ಲಿ ಪ್ಯಾಂಕ್ರಿಯಾಟೈಟಿಸ್ ಅಂದರು. ಆರು ದಿನ ಇಟ್ಟುಕೊಂಡು ಕಳಿಸಿದರು. ಪಿತ್ತಕೋಶದಲ್ಲಿ ಸಣ್ಣ ಸಣ್ಣ ಕಲ್ಲುಗಳಿವೆ, ಆಪರೇಷನ್ ಮಾಡಿಸಿ ಎಂದು ಚೀಟಿಯಲ್ಲಿ ಬರೆದಿದ್ದಾರೆ. ಇವರು ಒಪ್ಪುತ್ತಿಲ್ಲ. ‘ಪಥ್ಯ ಮಾಡಿದರೆ ಸಾಕು’ ಅಂತಾರೆ. ಅವತ್ತಿನಿಂದ ಗಂಜಿ, ಮಜ್ಜಿಗೆ, ಎಳನೀರು ಇಷ್ಟೇ ಕೊಡುತ್ತಿದ್ದೇನೆ. 71 ಕೆ.ಜಿ. ಇದ್ದವರು 62ಕ್ಕೆ ಇಳಿದಿದ್ದಾರೆ. ನಾನೂ ಅದನ್ನೇ ಉಣ್ಣುತ್ತೇನೆ, ಅವರ ಎದುರು ಬೇರೆ ತಿನ್ನಲು ಮನಸ್ಸಾಗುವುದಿಲ್ಲ. ಅತ್ತೆ ಕದ್ದು ತುಪ್ಪ ಹಾಕುತ್ತಾರೆ, ‘ತುಪ್ಪ ತಿನ್ಲಿಲ್ಲಂದ್ರ ಶಕ್ತಿ ಎಲ್ಲಿಂದ ಬರ್ತೈತಿ?’ ಅಂತಾರೆ. ಹೋದ ವಾರ ಇವರ ಅಂಗಿ ಜೇಬಿನಲ್ಲಿ ಎಣ್ಣೆ ಹತ್ತಿದ ಪೇಪರ್ ಸಿಕ್ಕಿತು. ಮಿರ್ಚಿ ತಿಂದಿದ್ದರು. ಅವತ್ತು ರಾತ್ರಿ ಮತ್ತೆ ಸ್ವಲ್ಪ ನೋವು ಬಂದಿತ್ತು, ನನಗೆ ಹೇಳಿರಲಿಲ್ಲ. ದೊಡ್ಡ ಜಗಳ ಆಯಿತು. ಇದರ ಮೇಲೆ ಸಂಬಂಧಿಕರು ‘ಕುಡಿದು ಕುಡಿದು ಬಂದದ್ದು’ ಅಂತ ಮಾತಾಡುತ್ತಾರೆ. ಇವರು ತಿಂಗಳಿಗೆ ಒಂದೆರಡು ಸಲ ಕುಡಿಯುತ್ತಿದ್ದದ್ದು ನಿಜ. ಒಬ್ಬರಂತೂ ಬಿಯರ್ ಕುಡಿದರೆ ಕಲ್ಲು ಹೋಗುತ್ತದೆ ಎಂದರು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಹೋಗುವ ರೂಢಿ ನಮ್ಮದು. ಅಲ್ಲಿ ದಾಸೋಹದಲ್ಲಿ ಉಣ್ಣಬಹುದಾ? ಎಷ್ಟು ದಿನ ಈ ಪಥ್ಯ? ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ:

ತಂಗಿ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಗಂಜಿಯನ್ನೇ ಏಳು ವಾರ ಎಳೆದದ್ದು ತಪ್ಪು, ಆದರೆ ಅದು ನಿಮ್ಮೊಬ್ಬರ ತಪ್ಪಲ್ಲ. ಡಿಸ್ಚಾರ್ಜ್ ದಿನ ‘ಎಣ್ಣೆ ಬೇಡ, ಹಗುರ ಊಟ ಕೊಡಿ’ ಎಂದು ಎರಡು ಮಾತಿನಲ್ಲಿ ಮುಗಿಸಿ ಕಳಿಸುತ್ತೇವೆ. ಹಗುರ ಅಂದರೆ ಏನು, ಎಷ್ಟು ದಿನ ಅಂತ ಯಾರೂ ಕೂತು ಹೇಳುವುದಿಲ್ಲ. ನಾನು ಆಸ್ಪತ್ರೆಯಲ್ಲಿ ಡಯಟೀಷಿಯನ್. ಬಳ್ಳಾರಿ ಕಡೆಯ ವಾರ್ಡುಗಳಲ್ಲಿ ಇಂಥ ಮನೆಗಳನ್ನು ಬಹಳ ನೋಡಿದ್ದೇನೆ. ಗಂಡ ಸೊರಗಿರುತ್ತಾನೆ, ಪಕ್ಕದಲ್ಲಿ ಹೆಂಡತಿ ಅವನಿಗಿಂತ ಜಾಸ್ತಿ ಸೊರಗಿರುತ್ತಾಳೆ.

ನಿಮ್ಮ ಪತ್ರ ಓದಿದಾಗ ನನಗೆ ಕಂಡದ್ದು ಇದು: ಸರ್ಜನ್ ಮಾಡಬೇಕಾದ ಕೆಲಸವನ್ನು ನಿಮ್ಮ ಮನೆಯಲ್ಲಿ ಅಡುಗೆಮನೆಯ ತಲೆಗೆ ಕಟ್ಟಿದ್ದಾರೆ. ಅದು ಆಗದ ಕೆಲಸ. ಏಕೆ ಅಂತ ಹೇಳುತ್ತೇನೆ.

ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿ, ಜಠರದ ಹಿಂದೆ ಬೆನ್ನಿಗೆ ಹತ್ತಿರ ಅಡ್ಡಡ್ಡ ಮಲಗಿರುತ್ತದೆ. ಅದಕ್ಕೇ ನೋವು ಬೆನ್ನಿಗೆ ಹೊಡೆಯುವುದು. ಊಟ ಕರಗಿಸುವ ರಸವನ್ನೂ ಸಕ್ಕರೆ ಹತೋಟಿಗೆ ಬೇಕಾದ ಇನ್ಸುಲಿನ್ನನ್ನೂ ಅದೇ ಮಾಡುತ್ತದೆ. ಅದರ ರಸ ಬರುವ ನಾಳವೂ ಪಿತ್ತರಸ ಬರುವ ನಾಳವೂ ಕೊನೆಯಲ್ಲಿ ಕೂಡಿ ಒಂದೇ ಬಾಯಿಂದ ಸಣ್ಣ ಕರುಳಿಗೆ ಇಳಿಯುತ್ತವೆ. ನೀವು ತುಂಗಭದ್ರಾ ಎಡದಂಡೆ ಕಾಲುವೆ ಸೀಮೆಯವರು, ನಿಮಗೆ ಬೇಗ ಅರ್ಥವಾಗುತ್ತದೆ. ಎರಡು ಕಾಲುವೆ ಸೇರುವ ತೂಬಿನಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೆ ನೀರು ಹಿಂದಕ್ಕೆ ಒತ್ತುತ್ತದೆ, ಅಲ್ವಾ? ಇಲ್ಲೂ ಹಾಗೆಯೇ. ಪಿತ್ತಕೋಶದಿಂದ ಜಾರಿದ ಕಲ್ಲು ಆ ಬಾಯಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕರುಳಿಗೆ ಹೋಗಿ ಕೆಲಸ ಮಾಡಬೇಕಾದ ರಸ ಗ್ರಂಥಿಯ ಒಳಗೇ ಚುರುಕಾಗಿ, ಗ್ರಂಥಿಯನ್ನೇ ಸುಡತೊಡಗುತ್ತದೆ. ಇದೇ ಪ್ಯಾಂಕ್ರಿಯಾಟೈಟಿಸ್. ಎಷ್ಟೋ ಸಲ ಆ ಕಲ್ಲು ತಾನೇ ಜಾರಿ ಕರುಳಿಗೆ ಬಿದ್ದುಹೋಗುತ್ತದೆ, ನೋವು ಇಳಿಯುತ್ತದೆ. ನಿಮ್ಮ ಮನೆಯವರಿಗೆ ಹಾಗೇ ಆಗಿರಬೇಕು. ಆದರೆ ಅದರ ಅಣ್ಣತಮ್ಮಂದಿರು ಇನ್ನೂ ಪಿತ್ತಕೋಶದಲ್ಲೇ ಇದ್ದಾರೆ.

‘ಸಣ್ಣ ಕಲ್ಲು ತಾನೇ’ ಅಂತ ಸಮಾಧಾನ ಪಡಬೇಡಿ. ಈ ಕಾಯಿಲೆಯ ಮಟ್ಟಿಗೆ ದೊಡ್ಡದಕ್ಕಿಂತ ಸಣ್ಣದೇ ತಂಟೆ. ದೊಡ್ಡದು ಪಿತ್ತಕೋಶ ಬಿಟ್ಟು ಜಾರಲಾರದು, ಸಣ್ಣದು ಜಾರುತ್ತದೆ.

ಈಗ ಎಣ್ಣೆಯ ವಿಷಯ. ಎಣ್ಣೆ-ತುಪ್ಪ ಕರುಳಿಗೆ ಇಳಿದ ಕೂಡಲೇ ಪಿತ್ತಕೋಶ ಹಿಂಡಿಕೊಂಡು ಪಿತ್ತರಸ ಬಿಡುತ್ತದೆ. ಹಿಂಡಿದಾಗ ಕಲ್ಲೂ ಅಲುಗಾಡುತ್ತದೆ. ಜೇಬಿನಲ್ಲಿ ಸಿಕ್ಕ ಆ ಪೇಪರ್, ಆ ರಾತ್ರಿಯ ನೋವು, ಎರಡಕ್ಕೂ ನಂಟು ಇರಬಹುದು. ಎಣ್ಣೆ ಕಡಿಮೆ ಮಾಡಿದರೆ ಹಿಂಡುವುದು ಕಡಿಮೆಯಾಗುತ್ತದೆ, ಅಷ್ಟೇ. ಪೂರ್ತಿ ನಿಲ್ಲುವುದಿಲ್ಲ. ಕಟ್ಟುನಿಟ್ಟಾಗಿ ಪಥ್ಯ ಮಾಡಿದವರಿಗೂ ಎರಡನೇ ಸಲ ಬಂದದ್ದನ್ನು ನೋಡಿದ್ದೇನೆ. ಇನ್ನೊಂದು ಮಾತು ಕೇಳಿದರೆ ನಿಮಗೆ ಬೇಸರವಾಗಬಹುದು, ಆದರೂ ಹೇಳಬೇಕು. ಉಪವಾಸ ಬಿದ್ದಂತೆ ಉಂಡು ಬೇಗ ಬೇಗ ತೂಕ ಇಳಿದರೆ ಪಿತ್ತಕೋಶದಲ್ಲಿ ಹೊಸ ಕಲ್ಲು ಕಟ್ಟುವ ಸಾಧ್ಯತೆ ಜಾಸ್ತಿ. ಏಳು ವಾರಕ್ಕೆ ಒಂಬತ್ತು ಕೆ.ಜಿ. ಇಳಿದದ್ದು ಒಳ್ಳೆಯ ಲಕ್ಷಣ ಅಲ್ಲ.

ಆಪರೇಷನ್ ತಡ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಲೆಕ್ಕವೂ ಇದೆ. ನೆದರ್‌ಲೆಂಡ್ಸ್‌ನ ಆಸ್ಪತ್ರೆಗಳಲ್ಲಿ ನಡೆದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಪಿತ್ತದ ಕಲ್ಲಿನಿಂದ ಸೌಮ್ಯ ಪ್ಯಾಂಕ್ರಿಯಾಟೈಟಿಸ್ ಆದ 264 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಅದೇ ಅಡ್ಮಿಷನ್ನಿನಲ್ಲಿ ಪಿತ್ತಕೋಶ ತೆಗೆದರು, ಇನ್ನೊಂದಕ್ಕೆ ಸುಮಾರು ನಾಲ್ಕು ವಾರ ಬಿಟ್ಟು ತೆಗೆದರು. ಆರು ತಿಂಗಳಲ್ಲಿ ಕಲ್ಲಿನ ತೊಂದರೆಯಿಂದ ಮತ್ತೆ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 5, ಎರಡನೆಯದರಲ್ಲಿ ನೂರಕ್ಕೆ 17. ಅವರು ಕಾದದ್ದು ನಾಲ್ಕು ವಾರ. ನೀವು ಈಗಾಗಲೇ ಏಳು ವಾರ ಕಾದಿದ್ದೀರಿ.

ಮನೆಯವರ ಭಯ ಸುಳ್ಳಲ್ಲ. ಆಪರೇಷನ್ನಿಗೂ ಅಪಾಯ ಇದೆ. ಸಾಮಾನ್ಯವಾಗಿ ಲ್ಯಾಪರೊಸ್ಕೋಪ್ ಎಂಬ ಕ್ಯಾಮೆರಾ ಕೊಳವೆ ಹಾಕಿ ಸಣ್ಣ ತೂತುಗಳ ಮೂಲಕ ಮಾಡುತ್ತಾರೆ. ಕೆಲವು ಸಲ ಮಧ್ಯದಲ್ಲಿ ಹೊಟ್ಟೆ ಕೊಯ್ದೇ ಮಾಡಬೇಕಾಗಿ ಬರುತ್ತದೆ. ರಕ್ತಸ್ರಾವ, ಸೋಂಕು ಆಗಬಹುದು. ಪಿತ್ತನಾಳಕ್ಕೆ ಪೆಟ್ಟಾಗುವುದು ಅಪರೂಪ, ಆದರೆ ಹಾಗೇನಾದರೂ ಆದರೆ ದೊಡ್ಡ ತೊಂದರೆ. ನಾಳದಲ್ಲೇ ಕಲ್ಲು ಕೂತಿದೆ ಎಂದು ಅನುಮಾನ ಬಂದರೆ ಮೊದಲು ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ತೆಗೆಯುತ್ತಾರೆ, ಅದಕ್ಕೆ ಇಆರ್‌ಸಿಪಿ ಅಂತಾರೆ. ಅದರಿಂದಲೂ ಕೆಲವರಿಗೆ ಪ್ಯಾಂಕ್ರಿಯಾಟೈಟಿಸ್ ಆಗುವುದುಂಟು. ಹಾಗಾಗಿ ಅದನ್ನು ಸುಮ್ನೆ ಎಲ್ಲರಿಗೂ ಮಾಡುವುದಿಲ್ಲ. ಇನ್ನು ಕಲ್ಲು ಕರಗಿಸುವ ಮಾತ್ರೆ: ಕೆಲವು ಬಗೆಯ ಕಲ್ಲಿಗೆ ತಿಂಗಳುಗಟ್ಟಲೆ ನುಂಗಿದರೆ ಕರಗಬಹುದು, ಬಿಟ್ಟ ಮೇಲೆ ಮತ್ತೆ ಕಟ್ಟುತ್ತದೆ. ಒಮ್ಮೆ ಪ್ಯಾಂಕ್ರಿಯಾಸ್ ಕೆರಳಿದವರು ಅದನ್ನು ನಂಬಿ ಕೂರುವುದು ಸರಿಯಲ್ಲ. ಈ ಅಪಾಯಗಳನ್ನೆಲ್ಲ ಸರ್ಜನ್ ಎದುರು ಅವರೇ ಕೇಳಲಿ. ಕೇಳದೆ ಒಳಗೇ ಇಟ್ಟುಕೊಂಡ ಭಯವೇ ‘ಪಥ್ಯ ಸಾಕು’ ಅನ್ನಿಸುವುದು.

‘ಒಂದು ಅಂಗ ತೆಗೆದರೆ ಮುಂದೆ ಜೀರ್ಣ ಹೇಗೆ?’ ಅಂತ ನನ್ನ ಹತ್ತಿರ ಬಂದವರೆಲ್ಲ ಕೇಳುತ್ತಾರೆ. ಪಿತ್ತರಸ ಮಾಡುವುದು ಲಿವರ್. ಪಿತ್ತಕೋಶ ಅದನ್ನು ಕೂಡಿಡುವ ಚೀಲ. ಚೀಲ ಹೋದರೂ ರಸ ಬರುತ್ತಲೇ ಇರುತ್ತದೆ. ಕೆಲವರಿಗೆ ಕೆಲವು ವಾರ ಮಲ ಸಡಿಲ ಆಗಬಹುದು. ಜೀವನಪೂರ್ತಿ ಪಥ್ಯ ಬೇಕಿಲ್ಲ.

ಖರ್ಚಿನ ಯೋಚನೆ ಇದ್ದರೆ, ಬಳ್ಳಾರಿ, ರಾಯಚೂರು, ಕೊಪ್ಪಳ ಮೂರು ಕಡೆಯೂ ಸರ್ಕಾರಿ ಮೆಡಿಕಲ್ ಕಾಲೇಜು ಇದೆ. ಪಿತ್ತಕೋಶ ತೆಗೆಯುವುದು ಸರ್ಜರಿ ವಿಭಾಗಗಳಿಗೆ ಹೊಸದಲ್ಲ. ಬಿಪಿಎಲ್ ಕಾರ್ಡ್, ಆಧಾರ್, ಡಿಸ್ಚಾರ್ಜ್ ಚೀಟಿ ಹಿಡಿದುಕೊಂಡು ಅಲ್ಲಿನ ಆರೋಗ್ಯಮಿತ್ರರನ್ನು ಕಾಣಿ, ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಕೇಳಿ.

ಇನ್ನು ಬಿಯರ್. ಇದನ್ನು ಹೇಳಿದವರು ಕಿಡ್ನಿ ಕಲ್ಲನ್ನೂ ಪಿತ್ತದ ಕಲ್ಲನ್ನೂ ಒಂದೇ ಅಂದುಕೊಂಡಿದ್ದಾರೆ. ಕಿಡ್ನಿ ಕಲ್ಲಿಗೂ ಬಿಯರ್ ಮದ್ದಲ್ಲ, ಅದು ಬೇರೆ ಮಾತು. ಕುಡಿದದ್ದು, ಬಾಳೆದಿಂಡಿನ ರಸವೂ ಅಷ್ಟೇ, ಪಿತ್ತಕೋಶವನ್ನು ತೊಳೆದುಕೊಂಡು ಹೋಗುವ ದಾರಿಯೇ ಇಲ್ಲ. ಆದರೆ ಆಲ್ಕೋಹಾಲ್ ನೇರ ಪ್ಯಾಂಕ್ರಿಯಾಸನ್ನು ಕೆಣಕುತ್ತದೆ. ಇವರಿಗೆ ಬಿಯರ್ ಕೊಡುವುದು ಉರಿಯುವ ಬಣವಿಗೆ ಸೀಮೆಎಣ್ಣೆ ಹೊಯ್ದಂತೆ.

ಹಾಗಾದರೆ ಕುಡಿತದಿಂದಲೇ ಬಂತಾ? ಈ ಕಾಯಿಲೆಗೆ ಮುಖ್ಯ ಕಾರಣ ಎರಡು, ಪಿತ್ತದ ಕಲ್ಲು ಮತ್ತು ಆಲ್ಕೋಹಾಲ್. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 1000 ದಾಟಿದರೂ ಬರಬಹುದು, ಕ್ಯಾಲ್ಸಿಯಂ ಏರಿದರೂ, ಕೆಲವು ಔಷಧಿಗಳಿಂದಲೂ ಬರಬಹುದು. ಕಲ್ಲು ಕಣ್ಣಿಗೆ ಕಂಡಿದೆ, ತಿಂಗಳಿಗೆ ಒಂದೆರಡು ಸಲದ ಕುಡಿತಕ್ಕೆ ಬೆರಳು ತೋರಿಸುವುದಕ್ಕಿಂತ ಮೊದಲು ಅದನ್ನೇ ನೋಡಬೇಕು. ಟ್ರೈಗ್ಲಿಸರೈಡ್ ಮತ್ತು ಕ್ಯಾಲ್ಸಿಯಂ ನೋಡಿದ್ದಾರಾ ಅಂತ ಚೀಟಿಯಲ್ಲಿ ಹುಡುಕಿ, ಇಲ್ಲದಿದ್ದರೆ ಮಾಡಿಸಿ. ನಮ್ಮ ವಾರ್ಡಿನಲ್ಲಿ ಜೀವಮಾನದಲ್ಲಿ ಒಂದು ಹನಿ ಮುಟ್ಟದ ಅಜ್ಜಿಯರೂ ಇದೇ ಕಾಯಿಲೆಯಿಂದ ಮಲಗಿರುತ್ತಾರೆ. ಸಂಬಂಧಿಕರಿಗೆ ಇಷ್ಟು ಹೇಳಿದರೆ ಸಾಕು. ಕಾರಣ ಏನೇ ಇರಲಿ, ಇನ್ನು ಮೇಲೆ ಕುಡಿತ ಪೂರ್ತಿ ಬಂದ್. ಬೀಡಿ-ಸಿಗರೇಟು ಇದ್ದರೆ ಅದೂ ಬಂದ್, ಹೊಗೆಗೂ ಪ್ಯಾಂಕ್ರಿಯಾಸಿಗೂ ಆಗಿಬರುವುದಿಲ್ಲ. ತಿಂಗಳಿಗೆ ಎರಡು ಅಂದದ್ದು ವಾರಕ್ಕೆ ಎರಡು ಇದ್ದರೂ ಡಾಕ್ಟರ ಮುಂದೆ ನಿಜ ಹೇಳಲಿ. ನೀವು ಐದು ನಿಮಿಷ ಹೊರಗೆ ಕೂತರೆ ಆ ನಿಜ ಸುಲಭವಾಗಿ ಬರುತ್ತದೆ.

ಈಗ ನನ್ನ ಕ್ಷೇತ್ರಕ್ಕೆ, ಅಡುಗೆಮನೆಗೆ ಬರೋಣ. ಹಿಂದೆಲ್ಲ ಪ್ಯಾಂಕ್ರಿಯಾಸಿಗೆ ವಿಶ್ರಾಂತಿ ಅಂತ ದಿನಗಟ್ಟಲೆ ಉಪವಾಸ ಕೆಡವುತ್ತಿದ್ದರು. ಈಗ ಆ ಪದ್ಧತಿ ಬಿಟ್ಟಿದ್ದಾರೆ. ಸೌಮ್ಯ ಕಾಯಿಲೆಯಲ್ಲಿ ಸಾಧ್ಯವಾದಷ್ಟೂ ಬೇಗ, ಎಷ್ಟೋ ಸಲ ಮೊದಲ ಒಂದೆರಡು ದಿನದಲ್ಲೇ, ಬಾಯಿಂದ ಊಟ ಶುರು ಮಾಡುತ್ತಾರೆ. ಅಂದಮೇಲೆ ಏಳನೇ ವಾರದಲ್ಲಿ ಗಂಜಿ ಯಾಕೆ?

ಲೆಕ್ಕ ಹಾಕಿ ನೋಡಿ. ಒಂದು ಬಟ್ಟಲು ಗಂಜಿಗೆ 30 ಗ್ರಾಂ ಅಕ್ಕಿ ಹಿಡಿಯುತ್ತದೆ ಅಂದುಕೊಳ್ಳೋಣ. ಅದರಿಂದ ಸಿಗುವುದು ನೂರರ ಆಸುಪಾಸು ಕ್ಯಾಲೊರಿ, ಎರಡು ಗ್ರಾಂ ಪ್ರೋಟೀನ್. ದಿನಕ್ಕೆ ಐದು ಬಟ್ಟಲು ಕುಡಿದರೂ ಐನೂರು ಕ್ಯಾಲೊರಿ. ಇಂಥ ಕಾಯಿಲೆಯಿಂದ ಎದ್ದ 62 ಕೆ.ಜಿ. ಗಂಡಸಿಗೆ ದಿನಕ್ಕೆ 75 ಗ್ರಾಂ ಹತ್ತಿರ ಪ್ರೋಟೀನ್ ಬೇಕು. ಇಳಿದ ಒಂಬತ್ತು ಕೆ.ಜಿ.ಯಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗಿದೆ. ಸೊರಗಿದ ಮೈಯಲ್ಲಿ ಆಪರೇಷನ್ ಗಾಯ ಮಾಯುವುದೂ ನಿಧಾನ.

ನಮ್ಮ ಸೀಮೆಯ ಊಟ ಈ ಕಾಯಿಲೆಗೆ ಹೇಳಿ ಮಾಡಿಸಿದಂತಿದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಜೋಳದ ರೊಟ್ಟಿಗೆ ಒಂದು ಹನಿ ಎಣ್ಣೆ ಬೇಡ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಇರುವ ಕೊಬ್ಬು ಎರಡು ಗ್ರಾಂ ಕೂಡ ಇಲ್ಲ. ಹೆಸರುಬೇಳೆ, ತೊಗರಿಬೇಳೆಯಲ್ಲೂ ಅಷ್ಟೇ ಕಡಿಮೆ, ಪ್ರೋಟೀನ್ ಮಾತ್ರ ನೂರು ಗ್ರಾಮಿಗೆ ಇಪ್ಪತ್ತರ ಮೇಲೆ. ಬಿಸಿ ಮೆತ್ತನೆ ರೊಟ್ಟಿ, ಗಟ್ಟಿ ಬೇಳೆ, ಪುಂಡಿಪಲ್ಯವೋ ಮೆಂತ್ಯಪಲ್ಯವೋ ಇದ್ದರೆ ಅದು ಪಥ್ಯವೂ ಹೌದು, ಊಟವೂ ಹೌದು. ಎಡವಟ್ಟು ಇರುವುದು ರೊಟ್ಟಿಯ ಪಕ್ಕದಲ್ಲಿ. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧಭಾಗ ಎಣ್ಣೆಯೇ. ‘ಎಣ್ಣೆ ಹಾಕೇ ಇಲ್ಲ’ ಅಂತ ಆಣೆ ಮಾಡುವ ಮನೆಯಲ್ಲಿ ಮೂರು ಚಮಚ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ತಟ್ಟೆಗೆ ಬಿದ್ದಿರುತ್ತದೆ. ಗುರೆಳ್ಳು ಹಿಂಡಿಯದೂ ಇದೇ ಕತೆ. ಸದ್ಯಕ್ಕೆ ಅವೆರಡನ್ನು ಬದಿಗಿಟ್ಟು ಪುಟಾಣಿ, ಅಂದರೆ ಹುರಿಗಡಲೆಯ, ಹಿಂಡಿ ಮಾಡಿ. ಎಣ್ಣೆಗಾಯಿಯ ಬದಲು ಬದನೆಕಾಯಿ ಸುಟ್ಟು ಬಜ್ಜಿ ಕಲಸಿ.

ಬೇರೆ ಅಡುಗೆ ಮಾಡಲು ಹೋಗಬೇಡಿ. ಸಾರು, ಪಲ್ಯ ಎಲ್ಲರಿಗೂ ಒಂದೇ. ಒಗ್ಗರಣೆ ಹಾಕುವ ಮೊದಲೇ ಅವರ ಪಾಲು ತೆಗೆದಿಡಿ. ಅದಕ್ಕೆ ಒಂದು ಟೀ ಚಮಚ ಎಣ್ಣೆಯಲ್ಲಿ ಸಾಸಿವೆ-ಕರಿಬೇವು ಸಿಡಿಸಿ ಹಾಕಿ. ಉಳಿದದ್ದಕ್ಕೆ ನಿಮ್ಮ ಕೈಗೆ ಬಂದಷ್ಟು. ಒಂದು ಟೀ ಚಮಚ ಎಣ್ಣೆ ಅಂದರೆ ಸುಮಾರು ನಾಲ್ಕೂವರೆ ಗ್ರಾಂ ಕೊಬ್ಬು. ಆಪರೇಷನ್ ಆಗುವ ತನಕ ಹಾಲು, ಬೇಳೆ, ಎಣ್ಣೆ ಎಲ್ಲ ಸೇರಿ ದಿನಕ್ಕೆ 30 ಗ್ರಾಂ ಆಸುಪಾಸು ಕೊಬ್ಬು ಅಂತ ನಾನು ಹೇಳುತ್ತೇನೆ. ಹಾಲು ಕೆನೆ ತೆಗೆದದ್ದು, ಮೊಸರು ಅದೇ ಹಾಲಿನದು. ಮೊಟ್ಟೆ ತಿನ್ನುವ ಮನೆಯಾದರೆ ದಿನಕ್ಕೆ ಮೂರ್ನಾಲ್ಕರ ಬಿಳಿಭಾಗ. ಎರಡೇ ದೊಡ್ಡ ಊಟದ ಬದಲು ಐದಾರು ಸಲ ಸ್ವಲ್ಪ ಸ್ವಲ್ಪ. ಗಂಜಿಯಿಂದ ಒಂದೇ ದಿನ ನಾಲ್ಕು ರೊಟ್ಟಿಗೆ ಹಾರಬೇಡಿ. ಮೊದಲು ಮೆತ್ತನೆ ಅನ್ನ-ಬೇಳೆ, ಎರಡು ಮೂರು ದಿನ ಬಿಟ್ಟು ರೊಟ್ಟಿ.

ಖಾರದ ಬಗ್ಗೆ ಒಂದು ಮಾತು. ಮೆಣಸಿನಕಾಯಿಂದ ಪ್ಯಾಂಕ್ರಿಯಾಟೈಟಿಸ್ ಬರುವುದಿಲ್ಲ. ಉರಿ ಆದರೆ ಕಡಿಮೆ ಮಾಡಿ, ಆಗದಿದ್ದರೆ ಸಾರಿಗೆ ರುಚಿಗೆ ಬೇಕಾದಷ್ಟು ಹಾಕಿ. ನಮ್ಮ ಕಡೆಯವನಿಗೆ ಸಪ್ಪೆ ಊಟ ಕೊಟ್ಟರೆ ಅವನು ಒಗ್ಗರಣಿ-ಮಿರ್ಚಿ ಅಂಗಡಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾನೆ? ಮಿರ್ಚಿಯಲ್ಲಿ ತಪ್ಪಿತಸ್ಥ ಇರುವುದು ಹೊರಗಿನ ಹಿಟ್ಟು ಕುಡಿದ ಎಣ್ಣೆಯಲ್ಲಿ, ಒಳಗಿನ ಕಾಯಿಯಲ್ಲಿ ಅಲ್ಲ.

ಅತ್ತೆಯ ತುಪ್ಪಕ್ಕೆ ಜಗಳ ಬೇಡ. ಅವರಿಗೆ ಒಂದು ಟೀ ಚಮಚ ಕೊಟ್ಟು, ‘ಅತ್ತಿ, ದಿನಾ ಮಧ್ಯಾಹ್ನ ಅರ್ಧ ಚಮಚ ತುಪ್ಪ ನೀವಾ ಹಾಕ್ರಿ, ಅದರ ಮ್ಯಾಲ ಬ್ಯಾಡ್ರಿ’ ಅನ್ನಿ. ಅರ್ಧ ಚಮಚ ಅಂದರೆ ಎರಡು ಗ್ರಾಂ ಚಿಲ್ಲರೆ, ನಮ್ಮ ಮೂವತ್ತರಲ್ಲಿ ಹಿಡಿಸುತ್ತದೆ. ಕದ್ದು ಹಾಕುವ ತುಪ್ಪಕ್ಕೆ ಲೆಕ್ಕ ಇರುವುದಿಲ್ಲ. ಎದುರಿಗೇ ಹಾಕಿದ್ದಕ್ಕೆ ಇರುತ್ತದೆ. ಈ ಉಪಾಯ ನನಗೆ ಕಲಿಸಿದ್ದು ಸಿಂಧನೂರಿನ ಕಡೆಯ ಒಬ್ಬ ಸೊಸೆ, ನನ್ನದಲ್ಲ.

ಮಿರ್ಚಿ ಪೇಪರ್ ವಿಷಯದಲ್ಲಿ ನನಗೆ ಚಿಂತೆ ತಂದದ್ದು ಮಿರ್ಚಿ ಅಲ್ಲ, ನೋವು ಬಂದದ್ದನ್ನು ಅವರು ಮುಚ್ಚಿಟ್ಟದ್ದು. ಜೇಬು ನೋಡುವ ಹೆಂಡತಿಗೆ ಯಾವ ಗಂಡನೂ ನೋವು ಹೇಳುವುದಿಲ್ಲ, ಬೈಗುಳ ಬರುತ್ತದೆ ಅಂತ ಗೊತ್ತಿರುತ್ತದೆ. ಈ ಕಾಯಿಲೆಯಲ್ಲಿ ಒಂದು ರಾತ್ರಿ ಮುಚ್ಚಿಟ್ಟರೂ ದುಬಾರಿ. ಆದ್ದರಿಂದ ಒಂದು ಒಪ್ಪಂದ ಮಾಡಿಕೊಳ್ಳಿ: ಏನು ತಿಂದರೂ ನೀವು ಕೇಳುವುದಿಲ್ಲ, ನೋವು ಬಂದರೆ ಅವರು ಮುಚ್ಚಿಡುವುದಿಲ್ಲ, ಅವತ್ತು ಬೈಗುಳವೂ ಇಲ್ಲ. ಹೋದ ವಾರದ ನೋವನ್ನೂ ಡಾಕ್ಟರಿಗೆ ಹೇಳಬೇಕು. ಅದೇ ಆಪರೇಷನ್ ಮಾತು ತೆಗೆಯಲು ಒಳ್ಳೆ ನೆಪವೂ ಆಗುತ್ತದೆ. ‘ನಾನು ಹೇಳಿದ್ದೆ’ ಅಂತ ಶುರು ಮಾಡಬೇಡಿ. ‘ಬುಧವಾರ ಸರ್ಜನ್ ಹತ್ರ ಹೋಗಿ ಬರೋಣ, ಮಾಡಿಸೋದು ಬಿಡೋದು ಆಮೇಲೆ’ ಅನ್ನಿ.

ಮತ್ತೆ ಆ ನೋವು ಬಂದರೆ ಏನು ಮಾಡಬೇಕು? ಮೇಲ್ಹೊಟ್ಟೆಯ ನೋವು ಇಳಿಯದಿದ್ದರೆ, ಬೆನ್ನಿಗೆ ಹೊಡೆದರೆ, ವಾಂತಿ ನಿಲ್ಲದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿ ಆದರೆ, ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾದರೆ ಮೆಡಿಕಲ್ ಶಾಪಿನ ಗ್ಯಾಸ್ ಮಾತ್ರೆ ನುಂಗಿಸಿ ಬೆಳಗಾಗಲಿ ಅಂತ ಕಾಯಬೇಡಿ. ತಿನ್ನಲು ಏನೂ ಕೊಡದೆ 108ಕ್ಕೆ ಕರೆ ಮಾಡಿ. ಹೃದಯದ ತೊಂದರೆಯೂ ಕೆಲವು ಸಲ ಹೀಗೇ ಗ್ಯಾಸಿನ ವೇಷದಲ್ಲಿ ಬರುತ್ತದೆ. ಡಿಸ್ಚಾರ್ಜ್ ಚೀಟಿ, ಸ್ಕ್ಯಾನ್ ವರದಿ ಎರಡರ ಫೋಟೊ ಇವತ್ತೇ ನಿಮ್ಮ ಫೋನಿನಲ್ಲಿ ಇರಲಿ. ರಾತ್ರಿ ಡ್ಯೂಟಿ ಡಾಕ್ಟರಿಗೆ ಅದು ಅರ್ಧ ಕೆಲಸ ಉಳಿಸುತ್ತದೆ.

ಮೂರು ತಿಂಗಳಾದ ಮೇಲೆ ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ಈ ಕಾಯಿಲೆ ಆದವರಲ್ಲಿ ಕೆಲವರಿಗೆ ಆಮೇಲೆ ಶುಗರ್ ಕಾಣಿಸಿಕೊಳ್ಳುತ್ತದೆ. ಮಲ ಜಿಡ್ಡಾಗಿ, ನೀರಿನ ಮೇಲೆ ತೇಲುತ್ತಾ, ತುಂಬ ವಾಸನೆ ಬರುತ್ತಿದ್ದರೆ ಕೊಬ್ಬು ಕರಗುತ್ತಿಲ್ಲ ಎಂದು ಅನುಮಾನಿಸಬೇಕು. ಅದಕ್ಕೆ ಊಟದ ಜೊತೆಗೇ ನುಂಗುವ ಎಂಜೈಮ್ ಕ್ಯಾಪ್ಸೂಲ್ ಇದೆ. ಅದನ್ನು ಸಾಮಾನ್ಯವಾಗಿ ಹಂದಿಯ ಪ್ಯಾಂಕ್ರಿಯಾಸಿನಿಂದ ಮಾಡುತ್ತಾರೆ. ಸಸ್ಯಾಹಾರಿ ಮನೆಯವರು, ಮುಸ್ಲಿಮರು ಆಮೇಲೆ ಗೊತ್ತಾಗಿ ನೊಂದುಕೊಳ್ಳುವುದಕ್ಕಿಂತ ಮೊದಲೇ ತಿಳಿದು ಡಾಕ್ಟರ ಜೊತೆ ಮಾತಾಡುವುದು ಮೇಲು. ನಿಮ್ಮ ಪತ್ರದಲ್ಲಿ ಇಂಥ ಲಕ್ಷಣ ಇಲ್ಲ, ಗೊತ್ತಿರಲಿ ಅಂತ ಹೇಳಿದೆ.

ಇನ್ನು ನೀವು. ನಾಳೆಯಿಂದ ನೀವು ಗಂಜಿ ಕುಡಿಯಬೇಡಿ. ನಿಮ್ಮ ತಟ್ಟೆಯಲ್ಲಿ ಶೇಂಗಾ ಹಿಂಡಿ ಕಂಡರೆ ಅವರಿಗೆ ಆಸೆಯಾಗಬಹುದು, ಆಗಲಿ. ನೀವು ಸೊರಗಿ ಕೂತದ್ದನ್ನು ನೋಡುತ್ತಾ ಉಣ್ಣುವುದು ಅವರಿಗೆ ಅದಕ್ಕಿಂತ ಕಷ್ಟ. ಒಬ್ಬ ರೋಗಿ ನನಗೆ ಹೇಳಿದ್ದರು, ‘ಮೇಡಂ, ಅಕಿ ನನ್ನ ತುತ್ತು ಎಣಿಸ್ತಾಳ, ತಾನು ಉಣ್ಣಂಗಿಲ್ಲ, ಅದಕ್ಕ ನಾ ಹೊರಗ ತಿಂತೀನಿ’ ಅಂತ. ಆಸ್ಪತ್ರೆಯ ಓಡಾಟಕ್ಕೆ ಮೈದುನನನ್ನೋ ಅಣ್ಣನನ್ನೋ ಒಂದು ಸಲ ಕಳಿಸಿ, ನೀವು ಆ ದಿನ ಮಲಗಿ ನಿದ್ದೆ ಮಾಡಿ.

ಜಾತ್ರೆಯ ಪ್ರಶ್ನೆ ಉಳಿಯಿತು. ಈ ತಿಂಗಳೇ ಪಿತ್ತಕೋಶ ತೆಗೆಸಿ, ತೊಂದರೆ ಏನೂ ಇಲ್ಲದೆ ಜನವರಿ ಹೊತ್ತಿಗೆ ಮನೆ ಊಟಕ್ಕೆ ಮೆಲ್ಲಗೆ ಎಣ್ಣೆ ಕೂಡಿಸಿಕೊಂಡು ಬಂದಿದ್ದರೆ, ಅವರು ಪಂಕ್ತಿಯಲ್ಲಿ ಕೂತು ರೊಟ್ಟಿ, ಪಲ್ಯ, ಸ್ವಲ್ಪ ಮಾದಲಿ ಉಣ್ಣಲಿ. ಮಿರ್ಚಿ ಬಂದರೆ ಒಂದು ತೆಗೆದುಕೊಂಡು ನಿಮ್ಮ ಜೊತೆ ಅರ್ಧರ್ಧ ಮಾಡಿಕೊಳ್ಳಲಿ. ಆಪರೇಷನ್ ಆಗಿರದಿದ್ದರೆ ತೇರು ನೋಡಲಿ, ರೊಟ್ಟಿ-ಪಲ್ಯ ಉಣ್ಣಲಿ, ಅವರ ಪಾಲಿನ ಮಿರ್ಚಿ ನೀವು ತಿನ್ನಿ.